ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣ ನಿರ್ಮಾಪಕರಾಗುವುದು: ತುಮಕೂರಿನಿಂದ ಒಂದು ಪ್ರಶ್ನೆ

ಷಡ್ಜ_ತುಮಕೂರು:

ಹಿರಿಯರಿಗೆಲ್ಲ ನಮಸ್ಕಾರ. ನಾನು ತುಮಕೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಹಾಡುಗಾರಿಕೆಯಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ ವಿದ್ವತ್ತಿಗೆ ಸಿದ್ಧಳಾಗುತ್ತಿದ್ದೇನೆ. ವೇದಿಕೆಯಲ್ಲಿ ಕುಳಿತು ಹಾಡುವ ಆಸೆ ನನಗೆ ಅಷ್ಟಾಗಿ ಇಲ್ಲ. ಇನ್ನೊಬ್ಬರು ಹಾಡಿದ್ದನ್ನು ಕೇಳಿ, ಯಾವ ಸಂಗತಿ (ಒಂದೇ ಸಾಲನ್ನು ಬೇರೆ ಬೇರೆಯಾಗಿ ಹಾಡುವ ಬಗೆ) ಸರಿಯಾಗಿ ನಿಂತಿತು, ಯಾವುದನ್ನು ಮತ್ತೊಮ್ಮೆ ಹಾಡಿದರೆ ಒಳ್ಳೆಯದು ಎಂದು ಗುರುತಿಸುವ ಕೆಲಸದಲ್ಲಿ ಮಾತ್ರ ನನಗೆ ದಣಿವೇ ಆಗುವುದಿಲ್ಲ. ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣಗಳಿಗೆ ನಿರ್ಮಾಪಕರೆಂದು ಒಬ್ಬರು ಇರುತ್ತಾರೆ ಎಂದು ಇತ್ತೀಚೆಗೆ ಓದಿದೆ. ಮನೆಯಲ್ಲಿ ಹೇಳಿದಾಗ, "ಇಂಜಿನಿಯರಿಂಗ್ ಓದಿಲ್ಲ, ಸ್ಟುಡಿಯೋ ಹಾಕಲು ದುಡ್ಡಿಲ್ಲ, ಇನ್ನೇನು ಮಾಡುತ್ತೀಯಮ್ಮ" ಎಂದು ಅಪ್ಪ ಕೇಳಿದರು. ಅವರಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಈ ಕೆಲಸ ನಿಜವಾಗಿ ಏನು, ಅದರಿಂದ ಜೀವನ ನಡೆಯುತ್ತದೆಯೇ, ತುಮಕೂರು ಬಿಟ್ಟು ಹೋಗಲೇಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹಳೆಯತಟ್ಟೆ_ಕೋಲಾರ:

ತಂಗಿ, ನಾನು ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಹಿಸುವವನು. ಸ್ಟುಡಿಯೋ ಕೆಲಸ ನನ್ನದಲ್ಲ. ಆದ್ದರಿಂದ ಈ ಕಸುಬಿನ ಹಿಂದಿನ ಕಥೆಯನ್ನಷ್ಟೇ ಹೇಳುತ್ತೇನೆ.

ಈ ವೃತ್ತಿಯ ಮೊದಲಿಗರಲ್ಲಿ ಒಬ್ಬರಾದ ಫ್ರೆಡ್ ಗೈಸ್‌ಬರ್ಗ್ ಅಮೆರಿಕದವರು. 1902ರ ಏಪ್ರಿಲ್‌ನಲ್ಲಿ ಮಿಲಾನ್ ನಗರದಲ್ಲಿ ಇಟಲಿಯ ಗಾಯಕ ಎನ್ರಿಕೊ ಕರೂಸೊ ಅವರ ಹಾಡನ್ನು ಮುದ್ರಿಸಿದ ಅವರು ಅದೇ ವರ್ಷದ ಕೊನೆಗೆ ಕಲ್ಕತ್ತೆಗೆ ಬಂದು, ನವೆಂಬರ್‌ನಲ್ಲಿ ಗೌಹರ್ ಜಾನ್ ಅವರನ್ನು ಮುದ್ರಿಸಿದರು. ಆಗ ವಿದ್ಯುತ್ ಮೈಕ್ ಇರಲಿಲ್ಲ. ದೊಡ್ಡ ಕಹಳೆಯೊಳಕ್ಕೆ ಹಾಡಬೇಕಿತ್ತು, ಆ ಸದ್ದಿನ ಒತ್ತಡದಿಂದಲೇ ಸೂಜಿಯು ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಮೇಣದ ಮೂಲಪ್ರತಿಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಅಚ್ಚಾಗಿ ಮರಳಿ ಬರುತ್ತಿದ್ದವು. ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದನ್ನು ನೀವೂ ಕೇಳಿರಬಹುದು. ಅದನ್ನು ಠೀವಿಯೆಂದು ತಿಳಿಯುವವರೇ ಹೆಚ್ಚು; ಆದರೆ ಹ್ಯಾನೋವರ್‌ನ ಕೆಲಸಗಾರರಿಗೆ ಯಾವ ತಟ್ಟೆ ಯಾರದು ಎಂದು ಗೊತ್ತಾಗಲು ಅದು ಬೇಕಾಗಿತ್ತು. ಆ ಮಹಾನ್ ಗಾಯಕಿ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಅರ್ಧ ಗಂಟೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವಾಗ ಏನನ್ನು ಉಳಿಸಬೇಕು ಎಂಬ ತೀರ್ಮಾನ ಇದೆಯಲ್ಲ, ನನ್ನ ದೃಷ್ಟಿಯಲ್ಲಿ ಈ ವೃತ್ತಿ ಹುಟ್ಟಿದ್ದು ಅಲ್ಲಿ. 1948ರಲ್ಲಿ ಎಲ್‌ಪಿ ಬಂದು ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಿಕ್ಕಿತು, 1980ರ ದಶಕದಲ್ಲಿ ಸಿ.ಡಿ. ಬಂದು ಎಪ್ಪತ್ತು ನಿಮಿಷ ದಾಟಿತು, ಈಗ ಮಿತಿಯೇ ಇಲ್ಲ. ಮಿತಿ ಹೋದರೂ ತೀರ್ಮಾನಿಸುವ ಕೆಲಸ ಹೋಗಿಲ್ಲ. ನಿಜ ಹೇಳಬೇಕೆಂದರೆ ಅದು ಇನ್ನಷ್ಟು ಕಷ್ಟವಾಗಿದೆ.

ನಿಮ್ಮ ತಂದೆಯವರಿಗೆ ತೋರಿಸಲು ಒಬ್ಬರ ಹೆಸರು ಕೊಡುತ್ತೇನೆ: ಸುವಿ ರಾಜ್ ಗ್ರಬ್. ಮದ್ರಾಸಿನ ಕಡೆಯವರು, ಆಕಾಶವಾಣಿಯಲ್ಲಿ ಕೆಲಸ ಮಾಡಿದ್ದವರು. 1950ರ ದಶಕದಲ್ಲಿ ಲಂಡನ್ನಿಗೆ ಹೋಗಿ ಫಿಲ್‌ಹಾರ್ಮೋನಿಯ ಗಾಯನವೃಂದದಲ್ಲಿ ಹಾಡುತ್ತಿದ್ದರು. 1960ರಲ್ಲಿ ಇ.ಎಂ.ಐ. ಎಂಬ ಧ್ವನಿಮುದ್ರಣ ಸಂಸ್ಥೆಯ ನಿರ್ಮಾಪಕ ವಾಲ್ಟರ್ ಲೆಗ್, ಗ್ರಬ್ ಅವರನ್ನು ತಮ್ಮ ಸಹಾಯಕರನ್ನಾಗಿ ತೆಗೆದುಕೊಂಡರು. 1964ರಲ್ಲಿ ಲೆಗ್ ಸಂಸ್ಥೆ ಬಿಟ್ಟ ಮೇಲೆ ಕ್ಲೆಂಪರರ್ ಅವರಂಥ ಸಿಡುಕಿನ ವಾದ್ಯವೃಂದ ನಿರ್ದೇಶಕರ ಧ್ವನಿಮುದ್ರಣಗಳನ್ನೂ, ಮುಂದೆ ಬ್ಯಾರೆನ್‌ಬಾಯ್ಮ್, ಪರ್ಲ್‌ಮನ್ ಅವರ ಧ್ವನಿಮುದ್ರಣಗಳನ್ನೂ ಗ್ರಬ್ ನಿರ್ವಹಿಸಿದರು. ಅವರೂ ಇಂಜಿನಿಯರ್ ಆಗಿರಲಿಲ್ಲ. ಪಾಶ್ಚಾತ್ಯ ಸಂಗೀತದ ತವರಿನಲ್ಲಿ, ಅಲ್ಲಿನವರ ಸಂಗೀತವನ್ನು ಅಲ್ಲಿನವರಿಗೇ "ಇನ್ನೊಮ್ಮೆ ನುಡಿಸಿ" ಎಂದು ಹೇಳುವ ಸ್ಥಾನಕ್ಕೆ ಅವರನ್ನು ಕರೆದೊಯ್ದದ್ದು ಅವರ ಕಿವಿ ಮತ್ತು ಸ್ವರಲಿಪಿಯ ಮೇಲಿದ್ದ ಹಿಡಿತ.

ಮೈಕಿನ_ಹಿಂದೆ (ಗೌರಿಬಿದನೂರು, ಈಗ ಬೆಂಗಳೂರು):

ಹಿರಿಯರು ಚೆನ್ನಾಗಿ ಹೇಳಿದ್ದಾರೆ. ಈ ಕೆಲಸದಲ್ಲೇ ಇರುವವನಾಗಿ ಅದರ ಒಳಗನ್ನು ಸ್ವಲ್ಪ ವಿವರಿಸುತ್ತೇನೆ.

ಇಂಜಿನಿಯರ್ ಮೈಕ್, ಕೇಬಲ್, ಮಟ್ಟ, ಸಾಫ್ಟ್‌ವೇರ್ ಇವುಗಳ ಹೊಣೆ ಹೊರುತ್ತಾನೆ. ನಿರ್ಮಾಪಕನ ಹೊಣೆ ಸಂಗೀತದ್ದು. ನಮ್ಮಲ್ಲಿ ಎರಡನ್ನೂ ಒಬ್ಬನೇ ಮಾಡುವುದು ಸಾಮಾನ್ಯ, ಆದರೆ ಎರಡೂ ಬೇರೆ ಬೇರೆ ಕೆಲಸಗಳೆಂಬುದನ್ನು ಮರೆಯಬಾರದು. ಜರ್ಮನಿಯ ಡೆಟ್ಮೋಲ್ಡ್‌ನಲ್ಲಿ 1949ರಿಂದಲೇ ಸಂಗೀತವನ್ನೂ ಧ್ವನಿವಿಜ್ಞಾನವನ್ನೂ ಒಟ್ಟಿಗೆ ಕಲಿಸುವ 'ಟೋನ್‌ಮೈಸ್ಟರ್' ಶಿಕ್ಷಣವಿದೆ. ಕರ್ನಾಟಕ ಸಂಗೀತದಲ್ಲಿ ಪಳಗಿದ ಕಿವಿಯನ್ನೇ ಮುಖ್ಯವಾಗಿಟ್ಟುಕೊಂಡ ಅಂಥ ಶಿಕ್ಷಣ ನಮ್ಮ ಸುತ್ತಮುತ್ತ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಧ್ವನಿಯ ಕೋರ್ಸ್ ಇದೆ, ಆದರೆ ಅದರ ಒಲವು ಸಿನಿಮಾದ ಕಡೆಗೆ.

ಕೆಲಸ ಶುರುವಾಗುವುದು ಸ್ಟುಡಿಯೋಗೆ ಬಹಳ ಮುಂಚೆ. ಕಲಾವಿದರ ಮನೆಯಲ್ಲಿ ಕುಳಿತು ಯಾವ ಕೃತಿಗಳು, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಎಂದು ಗೊತ್ತುಮಾಡಬೇಕು. ಸಾಹಿತ್ಯದ ಪಾಠಾಂತರಗಳನ್ನು ಹೋಲಿಸಿ ಯಾವುದನ್ನು ಹಾಡುವುದೆಂದು ಆಗಲೇ ನಿಶ್ಚಯಿಸದಿದ್ದರೆ ಸ್ಟುಡಿಯೋ ಬಾಡಿಗೆ ಏರುತ್ತಿರುವಾಗ ಚರ್ಚೆ ಶುರುವಾಗುತ್ತದೆ. ದಾಸರ ಪದಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ವಾದ್ಯಗಾರರು ಗಮನಿಸದಿರಬಹುದು, ಕೇಳುಗರು ಬಿಡುವುದಿಲ್ಲ.

ಮುದ್ರಣದ ದಿನ ನಿರ್ಮಾಪಕನ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಪ್ರತಿ ಟೇಕಿಗೂ (ಒಂದು ಸಲದ ಮುದ್ರಣಕ್ಕೂ) ಸಂಖ್ಯೆ, ಪಲ್ಲವಿಯ ಎಷ್ಟನೇ ಸಂಗತಿಯಲ್ಲಿ ಶ್ರುತಿ ಜಾರಿತು, ಯಾವ ಆವರ್ತನದಲ್ಲಿ ಪಿಟೀಲಿನ ಕಮಾನು ಕಿರುಗುಟ್ಟಿತು ಎಂಬ ಟಿಪ್ಪಣಿ. ಮೃದಂಗದ ಎಡಗಡೆಗೆ ಮೆತ್ತಿದ ರವೆ ಒಣಗುತ್ತಾ ಬರುತ್ತದೆ, ಎ.ಸಿ. ಕೋಣೆಯ ಒಣ ಗಾಳಿಗೆ ಬಲಗಡೆಯ ಚರ್ಮದ ಬಿಗಿಯೂ ಬದಲಾಗುತ್ತದೆ. ಆದ್ದರಿಂದ ಟೇಕುಗಳ ನಡುವೆ ಶ್ರುತಿ ನೋಡುವಂತೆ ಹೇಳುವುದೂ ನಮ್ಮದೇ ಕೆಲಸ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಪ್ರಮಾಣ. ಮೂರನೆಯ ಟೇಕಿನ ಚರಣವನ್ನು ಮೊದಲನೆಯ ಟೇಕಿನ ಅನುಪಲ್ಲವಿಗೆ ಜೋಡಿಸಬೇಕೆಂದರೆ ಎರಡರ ವೇಗವೂ ಒಂದೇ ಆಗಿರಬೇಕು. ಕಲಾವಿದರು ಉತ್ಸಾಹದಲ್ಲಿ ಒಂದು ಕೂದಲೆಳೆಯಷ್ಟು ಓಡಿದ್ದರೂ ಜೋಡಣೆಯ ಜಾಗದಲ್ಲಿ ತಾಳ ಹಾಕುವ ಕೇಳುಗರ ಕೈ ಎಡವುತ್ತದೆ. ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲೇ ಹಿಡಿಯಬೇಕು. ಗಾಯಕರ ಮೈಕಿನಲ್ಲಿ ಅದು ಬೆರೆತುಬಿಟ್ಟರೆ ಕತ್ತರಿಸಿದ ಕಡೆಯೆಲ್ಲ ತಂಬೂರಿಯ ಮೀಟು ತುಂಡಾಗಿ ಕೇಳಿಸುತ್ತದೆ.

ಇಲ್ಲಿ ಒಂದು ದೊಡ್ಡ ಆಯ್ಕೆಯೂ ಇದೆ. ಕಲಾವಿದರನ್ನು ಬೇರೆ ಬೇರೆ ಗಾಜಿನ ಕೋಣೆಗಳಲ್ಲಿ ಕೂರಿಸಿದರೆ ತಿದ್ದುವುದು ಸುಲಭ. ಒಂದೇ ಕೋಣೆಯಲ್ಲಿ ಕೂರಿಸಿದರೆ ಮೃದಂಗ ಎಲ್ಲರ ಮೈಕಿಗೂ ಹರಿಯುತ್ತದೆ, ತಿದ್ದುವ ಸ್ವಾತಂತ್ರ್ಯ ಬಹುಮಟ್ಟಿಗೆ ಹೋಗುತ್ತದೆ, ಆದರೆ ಕಲ್ಪನಾಸ್ವರದ ಕೊನೆಗೆ ಗಾಯಕರು ಕಣ್ಣೆತ್ತಿ ನೋಡಿದಾಗ ಮೃದಂಗದವರು ಮುಕ್ತಾಯ ಹಿಡಿಯುವ ಆ ಗಳಿಗೆ ಸಿಗುತ್ತದೆ. ನಾನು ಎರಡನೆಯದರ ಪಕ್ಷ.

ಮೃದಂಗ_ಚಿಂತಾಮಣಿ:

ಮಾನ್ಯರೇ, ಒಂದು ಆಕ್ಷೇಪವನ್ನು ವಿನಯದಿಂದಲೇ ಮುಂದಿಡುತ್ತೇನೆ. ಮೂರನೆಯ ಟೇಕಿನ ಚರಣ, ಮೊದಲನೆಯ ಟೇಕಿನ ಅನುಪಲ್ಲವಿ ಎಂದು ಜೋಡಿಸಿದ ಮೇಲೆ ಅದು ಯಾರ ಕಛೇರಿ? ಅಂಥ ಸಂಗೀತ ಎಂದೂ ನಡೆಯಲೇ ಇಲ್ಲ. ನಮ್ಮದು ಮನೋಧರ್ಮದ, ಅಂದರೆ ಆ ಗಳಿಗೆಯಲ್ಲೇ ಹೊಳೆದು ಹಾಡುವ ಸಂಗೀತ. ಆಲಾಪನೆಯಲ್ಲಿ ಒಂದು ಸ್ವರ ಸ್ವಲ್ಪ ಅಲುಗಿದರೆ ಅದನ್ನು ಸರಿಪಡಿಸಿಕೊಳ್ಳುವ ಬಗೆಯಲ್ಲೇ ವಿದ್ವಾಂಸನ ವಿದ್ವತ್ತು ಕಾಣುತ್ತದೆ. ಎಷ್ಟೋ ಹಿರಿಯರ ಕಛೇರಿಗಳನ್ನು ಯಾರೋ ರಸಿಕರು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದಾರೆ. ಕೆಮ್ಮು, ಮಗುವಿನ ಅಳು, ಚಪ್ಪಾಳೆ ಎಲ್ಲ ಅದರಲ್ಲಿವೆ. ಆದರೂ ಇಂದು ನಾವು ಹುಡುಕಿ ಕೇಳುವುದು ಅವನ್ನೇ. ಅಲ್ಲಿ ಯಾವ ನಿರ್ಮಾಪಕನಿದ್ದ?

ಹಳೆಯತಟ್ಟೆ_ಕೋಲಾರ:

ಈ ಜಗಳ ಪಶ್ಚಿಮದಲ್ಲೂ ನಡೆದದ್ದೇ. 1952ರಲ್ಲಿ ಲೆಗ್ ಅವರ ಮೇಲ್ವಿಚಾರಣೆಯಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಜರ್ಮನ್ ರಚನಕಾರ ವಾಗ್ನರ್ ಅವರ ಒಪೆರಾ (ಗೀತನಾಟಕ) ಒಂದು ಲಂಡನ್ನಿನಲ್ಲಿ ಮುದ್ರಣವಾಯಿತು. ನಾಯಕಿಯ ಪಾತ್ರ ಹಾಡಿದ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರಿಗೆ ಆಗ ಐವತ್ತು ದಾಟಿತ್ತು. ತೀರ ಮೇಲಿನ ಸ್ವರಗಳನ್ನು ಅವರ ಬದಲು ಲೆಗ್ ಅವರ ಮಡದಿಯಾಗಲಿದ್ದ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿಕೊಟ್ಟರು. ಸಂಗತಿ ಹೊರಬಿದ್ದಾಗ ದೊಡ್ಡ ಗದ್ದಲವಾಯಿತು. ಹಾಗಿದ್ದರೂ ಆ ಧ್ವನಿಮುದ್ರಣವನ್ನು ಶ್ರೇಷ್ಠವೆನ್ನುವವರು ಇಂದಿಗೂ ಇದ್ದಾರೆ, ನಾನೂ ಅವರಲ್ಲಿ ಒಬ್ಬ.

ಇನ್ನೊಂದು ತುದಿಯಲ್ಲಿ ಡೆಕ್ಕಾ ಸಂಸ್ಥೆಯ ಜಾನ್ ಕಲ್‌ಶಾ. ವಾಗ್ನರ್ ಅವರ ನಾಲ್ಕು ಒಪೆರಾಗಳ ಮಾಲೆಯನ್ನು 1958ರಿಂದ 1965ರವರೆಗೆ ವಿಯೆನ್ನಾದಲ್ಲಿ, ಶೋಲ್ಟಿ ನಿರ್ದೇಶನದಲ್ಲಿ ಮುದ್ರಿಸಿದರು; ಸ್ಟುಡಿಯೋದಲ್ಲಿ ಪೂರ್ತಿಯಾಗಿ ಸ್ಟೀರಿಯೋದಲ್ಲಿ ಸಿದ್ಧವಾದ ಮೊದಲ ಮಾಲೆ ಅದು. ಮೂಲ ಲಿಪಿಯಲ್ಲಿ ಕಮ್ಮಾರರ 18 ಅಡಿಗಲ್ಲುಗಳು ಮೊಳಗಬೇಕೆಂದು ವಾಗ್ನರ್ ಬರೆದಿದ್ದಾರೆ. ಹೆಚ್ಚಿನ ರಂಗಮಂದಿರಗಳು ಅದನ್ನು ಹೇಗೋ ಸುಧಾರಿಸುತ್ತವೆ. ಕಲ್‌ಶಾ ನಿಜವಾದ 18 ಅಡಿಗಲ್ಲುಗಳನ್ನೇ ಹೊಂದಿಸಿದರು. ಮುದ್ರಣ ನಡೆದ ಸೋಫಿಯೆನ್‌ಸಾಲ್ ಎಂಬ ಸಭಾಂಗಣ ಒಂದು ಕಾಲಕ್ಕೆ ಸ್ನಾನಗೃಹವಾಗಿತ್ತು. ನೆಲದ ಕೆಳಗಿನ ಟೊಳ್ಳಿನಿಂದ ಅದರ ಮಂದ್ರ ಸ್ವರಗಳಿಗೆ ವಿಶೇಷ ಕಳೆ ಬರುತ್ತಿತ್ತಂತೆ. ಧ್ವನಿಮುದ್ರಣವೆಂದರೆ ಕಛೇರಿಯ ನಕಲಲ್ಲ, ಅದೇ ಒಂದು ಬೇರೆ ಕೃತಿ ಎಂಬುದು ಕಲ್‌ಶಾ ಅವರ ನಿಲುವು. ನಮ್ಮ ಸಂಗೀತಕ್ಕೆ ಈ ನಿಲುವು ಪೂರ್ತಿ ಹೊಂದುವುದಿಲ್ಲ ಎಂದು ಚಿಂತಾಮಣಿಯವರು ಹೇಳಿದರೆ ನಾನು ವಾದಿಸಲಾರೆ.

ಮೈಕಿನ_ಹಿಂದೆ:

ಚಿಂತಾಮಣಿಯವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಆಲಾಪನೆ, ನೆರವಲ್, ತನಿ ಆವರ್ತನ ಎಂಬ ಮನೋಧರ್ಮದ ಭಾಗಗಳನ್ನು ನಾನು ಕತ್ತರಿಸುವುದಿಲ್ಲ. ಬೇಡವೆಂದರೆ ಪೂರ್ತಿ ಇನ್ನೊಮ್ಮೆ ಹಾಡಿಸುತ್ತೇನೆ. ಕೃತಿಯ ಭಾಗಗಳಲ್ಲಿ ಪಲ್ಲವಿ ಮರಳಿ ಬರುವ ಎತ್ತುಗಡೆಯಲ್ಲಿ ಜೋಡಿಸುತ್ತೇನೆ, ಅದೂ ಕಲಾವಿದರು ಪಕ್ಕದಲ್ಲಿ ಕುಳಿತು ಒಪ್ಪಿದ ಮೇಲೆ. ಆದರೆ ರಸಿಕರ ಟೇಪಿನಲ್ಲಿ ನಿರ್ಮಾಪಕನಿರಲಿಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ. ಧ್ವನಿವರ್ಧಕದ ಪೆಟ್ಟಿಗೆಯಿಂದ ದೂರ, ಪಿಟೀಲಿನ ಬದಿಗೆ ಸ್ವಲ್ಪ ವಾಲಿ ಕುಳಿತು, ಮುಖ್ಯ ರಾಗ ಶುರುವಾಗುವ ಮುಂಚೆ ಹೊಸ ಟೇಪು ಹಾಕಿಕೊಂಡ ರಸಿಕ ಇದ್ದನಲ್ಲ, ಅವನು ಮಾಡಿದ್ದೂ ಇದೇ ತೀರ್ಮಾನದ ಕೆಲಸ. ಬಟನ್ ಒತ್ತಿ ನಿದ್ದೆಹೋದವರ ಟೇಪುಗಳೂ ಬೇಕಾದಷ್ಟಿವೆ, ಅವನ್ನು ಯಾರೂ ಹುಡುಕುವುದಿಲ್ಲ.

ನಮ್ಮ ದೇಶದ ಉದಾಹರಣೆಯೇ ಬೇಕೆಂದರೆ ಮುಂಬಯಿಯ ಎಚ್.ಎಂ.ವಿ.ಯಲ್ಲಿದ್ದ ಜಿ.ಎನ್. ಜೋಶಿ. ಕಾನೂನು ಓದಿದ್ದ ಅವರು ಸ್ವತಃ ಗಾಯಕರು, 1938ರಲ್ಲಿ ಕಂಪನಿ ಸೇರಿ ಹಿಂದೂಸ್ತಾನಿಯ ದೊಡ್ಡ ದೊಡ್ಡವರನ್ನೆಲ್ಲ ಮುದ್ರಿಸಿದರು. 1967ರಲ್ಲಿ ಸಂತೂರ್, ಕೊಳಲು, ಗಿಟಾರ್ ಮೂರನ್ನು ಸೇರಿಸಿ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಎಂಬ ಆಗಿನ ಯುವಕರಿಂದ ಅವರು ಮಾಡಿಸಿದ ಎಲ್‌ಪಿ ಇಂದಿಗೂ ಮಾರಾಟದಲ್ಲಿದೆ. ಆ ಮೂವರನ್ನು ಕೂಡಿಸಬೇಕು ಎಂದು ಯಂತ್ರಕ್ಕೆ ಹೊಳೆಯುವುದಿಲ್ಲ.

ಷಡ್ಜ_ತುಮಕೂರು:

ಎಲ್ಲರಿಗೂ ಕೃತಜ್ಞತೆಗಳು. ಗ್ರಬ್ ಅವರ ವಿಷಯ ಅಪ್ಪನಿಗೆ ಓದಿ ಹೇಳಿದೆ. "ಅವರು ಲಂಡನ್ನಿಗೆ ಹೋದರು, ನೀನು ಕ್ಯಾತ್ಸಂದ್ರ ದಾಟುವುದು ಹೇಗೆ" ಎಂದು ನಕ್ಕರು. ಹಣದ ವಿಷಯವನ್ನು ಯಾರೂ ಮುಟ್ಟಿಲ್ಲ. ದಯವಿಟ್ಟು ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿ.

ಮೈಕಿನ_ಹಿಂದೆ:

ಹೇಳುತ್ತೇನಮ್ಮ. ಬರೀ ಶಾಸ್ತ್ರೀಯ ಸಂಗೀತದ ಆಲ್ಬಮ್‌ಗಳನ್ನು ಮಾಡುತ್ತಾ ಸಂಸಾರ ನಡೆಸುವವರು ತೀರ ವಿರಳ. ಕ್ಯಾಸೆಟ್ ಮತ್ತು ಸಿ.ಡಿ. ಕಾಲದಲ್ಲಿ ಕಂಪನಿ ಹಣ ಹೂಡುತ್ತಿತ್ತು. ಈಗ ಬಹುಪಾಲು ಕಲಾವಿದರೇ ಹೂಡುತ್ತಾರೆ, ಸ್ಟ್ರೀಮಿಂಗ್‌ನಿಂದ ಮರಳಿ ಬರುವುದು ಚಿಲ್ಲರೆ. ನನ್ನಂಥವರ ಅನ್ನ ನಡೆಯುವುದು ಭರತನಾಟ್ಯ ಶಾಲೆಗಳ ರಂಗಪ್ರವೇಶದ ಹಾಡುಗಳಿಂದ, ವಚನ ಮತ್ತು ದೇವರನಾಮಗಳಿಂದ, ಸಂಗೀತ ಸಭೆಗಳ ಕಛೇರಿಗಳನ್ನು ನೇರಪ್ರಸಾರ ಮಾಡುವುದರಿಂದ, ಆಡಿಯೋ ಪುಸ್ತಕಗಳಿಂದ. ಇವೆಲ್ಲದರ ನಡುವೆ ವರ್ಷಕ್ಕೆ ಕೆಲವು ಒಳ್ಳೆಯ ಶಾಸ್ತ್ರೀಯ ಕೆಲಸಗಳು. ನಿಮ್ಮ ಬಿ.ಕಾಂ. ಅನ್ನು ಬಿಡಬೇಡಿ, ಒಪ್ಪಂದ, ಜಿ.ಎಸ್.ಟಿ., ಲೆಕ್ಕ ಬಲ್ಲ ನಿರ್ಮಾಪಕರು ಎಲ್ಲರಿಗೂ ಬೇಕು. ಊರು ಬಿಡುವ ಪ್ರಶ್ನೆಗೆ ಉತ್ತರ ಇಷ್ಟೇ: ಎಡಿಟಿಂಗ್ ಮನೆಯಲ್ಲೇ ಆಗುತ್ತದೆ, ಮುದ್ರಣಕ್ಕೆ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರಬಹುದು. ಮೊದಲ ಎರಡು ಮೂರು ವರ್ಷ ಯಾರಾದರೂ ಅನುಭವಿಗಳ ಕೈಕೆಳಗೆ ಟೇಕ್ ಹಾಳೆ ಬರೆಯುವ ಕೆಲಸ ಸಿಕ್ಕರೆ, ಸಂಬಳ ಕಡಿಮೆಯಾದರೂ ಹಿಡಿಯಿರಿ.

ವಕೀಲರು_ತಿಪಟೂರು:

ಹಣದ ಮಾತಿಗೆ ಕಾನೂನಿನ ಮಾತನ್ನೂ ಸೇರಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃವೆಂದರೆ ಅದರ ನಿರ್ಮಾಪಕ, ಅಂದರೆ ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವರು. ಹಣ ಕಲಾವಿದರದಾಗಿ, ನೀವು ಕೂಲಿಗೆ ಕೆಲಸ ಮಾಡಿದ್ದರೆ, ಹಾಳೆಯ ಮೇಲೆ ನಿಮ್ಮ ಹೆಸರು ನಿರ್ಮಾಪಕಿ ಎಂದಿದ್ದರೂ ಹಕ್ಕು ನಿಮ್ಮದಾಗುತ್ತದೆಂದು ತಿಳಿಯಬೇಡಿ. ಆದ್ದರಿಂದ ಮೊದಲೇ ಬರಹದಲ್ಲಿ ಒಪ್ಪಂದವಿರಲಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಹಾಡಿದವರಿಗೂ, ಪಕ್ಕವಾದ್ಯದವರಿಗೂ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯ ನಂತರ ವಾಣಿಜ್ಯ ಬಳಕೆಯಾದಾಗ ಅವರಿಗೂ ರಾಯಧನ ಸಲ್ಲಬೇಕು.

ಕೃತಿಗಳ ವಿಷಯ ಬೇರೆ. ರಚನಕಾರರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು, ದಾಸವರೇಣ್ಯರು ಯಾರ ಅನುಮತಿಯೂ ಬೇಕಿಲ್ಲದಷ್ಟು ಹಿಂದಿನವರು. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು, ಹೀಗಾಗಿ 2022ರ ಜನವರಿಯಿಂದ ಅವರ ಕೃತಿಗಳೂ ಮುಕ್ತ. ಜಯಚಾಮರಾಜ ಒಡೆಯರು 1974ರಲ್ಲಿ ಕಾಲವಾದವರು. ಅವರ ಕೃತಿಗಳಿಗೆ ಆ ಲೆಕ್ಕದಲ್ಲಿ 2034ರ ಕೊನೆಯವರೆಗೂ ಹಕ್ಕು ಇದೆ. ಆಲ್ಬಮ್ ಬಿಡುಗಡೆಯಾದ ಮೇಲೆ ನೋಟಿಸು ಬಂದರೆ ಕಲಾವಿದರು ಮೊದಲು ತಿರುಗಿ ನೋಡುವುದು ನಿರ್ಮಾಪಕರ ಕಡೆಗೇ.

ಹಳೆಯತಟ್ಟೆ_ಕೋಲಾರ:

ವಕೀಲರು ಜಯಚಾಮರಾಜ ಒಡೆಯರ ಹೆಸರು ತೆಗೆದದ್ದು ಒಳ್ಳೆಯದಾಯಿತು. ರಷ್ಯಾದ ರಚನಕಾರ ನಿಕೊಲಾಯ್ ಮೆಡ್ಟ್ನರ್ ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳ ನಡುವೆ ಇದ್ದಾಗ, 1940ರ ದಶಕದ ಕೊನೆಯಲ್ಲಿ ಮಹಾರಾಜರು ಹಣ ಕೊಟ್ಟು ಅವರ ಕೃತಿಗಳನ್ನು ಅವರದೇ ಪಿಯಾನೋ ವಾದನದಲ್ಲಿ ಎಚ್.ಎಂ.ವಿ. ಮೂಲಕ ಮುದ್ರಣ ಮಾಡಿಸಿದರು. ಮೆಡ್ಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಅವರು ತೀರಿಕೊಂಡರು. ಆ ನೆರವು ಕೆಲವು ವರ್ಷ ತಡವಾಗಿದ್ದರೆ ಅವರ ಕೈಯ ನಾದವನ್ನು ಅಷ್ಟು ವಿಸ್ತಾರವಾಗಿ ನಾವು ಕೇಳುತ್ತಿರಲಿಲ್ಲ.

ಎಲ್ಲರಿಗೂ ಮಹಾರಾಜರು ಸಿಗುವುದಿಲ್ಲ. ಅದಕ್ಕೂ ಲೆಗ್ ಒಂದು ದಾರಿ ಕಂಡುಕೊಂಡಿದ್ದರು. 1931ರಲ್ಲಿ, ಇನ್ನೂ ಇಪ್ಪತ್ತೈದರ ಹರೆಯದಲ್ಲಿ, ಹ್ಯೂಗೊ ವುಲ್ಫ್ ಎಂಬ ರಚನಕಾರನ ಹಾಡುಗಳಿಗಾಗಿ ಚಂದಾದಾರರ ಸಂಘ ಕಟ್ಟಿದರು: ಮೊದಲು ಹಣ ಕೊಡುವ 500 ಜನ ಸಿಕ್ಕರೆ ಮುದ್ರಣ, ಇಲ್ಲದಿದ್ದರೆ ಇಲ್ಲ. ಕನ್ನಡದ ಪುಸ್ತಕಗಳನ್ನು ಪ್ರಕಟಣಪೂರ್ವ ಬೆಲೆಗೆ ಕೊಂಡವರಿಗೆ ಈ ವ್ಯವಸ್ಥೆ ಹೊಸದೇನಲ್ಲ. ಸಂಗೀತಕ್ಕೂ ಇದನ್ನು ನಮ್ಮ ಜಿಲ್ಲೆಗಳಲ್ಲಿ ಯಾಕೆ ಮಾಡಬಾರದು?

ಮೃದಂಗ_ಚಿಂತಾಮಣಿ:

ಅದಾದರೆ ನಾನೇ ಮೊದಲ ಚಂದಾದಾರ. ಕೈವಾರದ ಯೋಗಿ ನಾರೇಯಣರ ಕೀರ್ತನೆಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಕಛೇರಿಯಲ್ಲಿ ಹಾಡುವ ಮಟ್ಟುಗಳು ಬೇರೆ, ನಮ್ಮ ಹಳ್ಳಿಗಳ ಭಜನೆ ಮಂಡಳಿಯ ವೃದ್ಧರು ಹಾಡುವ ಮಟ್ಟುಗಳು ಬೇರೆ. ಎರಡನೆಯದನ್ನು ಸ್ಟುಡಿಯೋಗೆ ತರಲಾಗದು, ಎ.ಸಿ. ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದರೆ ಅವರು ಬಾಯಿ ಬಿಡುವುದಿಲ್ಲ. ಯಾರಾದರೂ ಅಲ್ಲಿಗೇ ಹೋಗಬೇಕು. ದೇವಸ್ಥಾನಗಳ ಓಲಗದವರದೂ ಇದೇ ಸ್ಥಿತಿ. ಮದುವೆಯ ವಿಡಿಯೋಗಳಲ್ಲಿ ಅವರ ನಾದಸ್ವರ ಹಿನ್ನೆಲೆಯ ಸದ್ದಾಗಿ ಉಳಿದಿದೆ, ಒಂದು ರಾಗವನ್ನು ಪೂರ್ತಿ ನುಡಿಸಲು ಬಿಟ್ಟು ಮುದ್ರಿಸಿದವರು ಬಹಳ ಕಡಿಮೆ.

ಷಡ್ಜ_ತುಮಕೂರು:

ಚಿಂತಾಮಣಿಯವರೇ, ಹಾಗಿದ್ದರೆ ನನ್ನ ಮೊದಲ ಕೆಲಸ ಅದೇ ಆಗಲಿ. ಅಮ್ಮನ ತವರು ಗುಬ್ಬಿಯ ಕಡೆ. ಅಲ್ಲಿ ಓಲಗದ ಒಂದು ಮನೆತನ ಪರಿಚಯವಿದೆ. ನಾದಸ್ವರ ಮತ್ತು ಡೋಲನ್ನು ದೇವಸ್ಥಾನದ ಪ್ರಾಕಾರದಲ್ಲಿ ಮುದ್ರಿಸುವುದು ಹೇಗೆ? ನನ್ನ ಬಳಿ ಸದ್ಯಕ್ಕೆ ಸ್ಟೀರಿಯೋ ಮೈಕಿರುವ ಒಂದು ಸಣ್ಣ ರೆಕಾರ್ಡರ್ ಮಾತ್ರ ಇದೆ.

ಮೈಕಿನ_ಹಿಂದೆ:

ಅಷ್ಟು ಸಾಕು. ಚಾವಣಿಯಿಲ್ಲದ ಬಯಲಿಗಾಗಿ ಹುಟ್ಟಿದ ವಾದ್ಯ ನಾದಸ್ವರ. ಅದರ ಬಾಯಿಗೆ ಮೈಕ್ ಹಿಡಿದರೆ ಸೀಳು ಸದ್ದು ಬಿಟ್ಟು ಬೇರೇನೂ ಸಿಗದು. ಹತ್ತು ಅಡಿಯಾದರೂ ದೂರದಲ್ಲಿ, ನಿಂತವರ ಎದೆಯ ಎತ್ತರಕ್ಕಿಂತ ಮೇಲೆ, ಸ್ಟ್ಯಾಂಡಿನ ಮೇಲೆ ರೆಕಾರ್ಡರ್ ಇಡಿ. ಡೋಲು ಹೆಚ್ಚಾಗಿ ಕೇಳಿಸಿದರೆ ರೆಕಾರ್ಡರನ್ನು ಸರಿಸಬೇಡಿ, ಡೋಲಿನವರನ್ನೇ ಎರಡು ಹೆಜ್ಜೆ ಹಿಂದೆ ಕೂರುವಂತೆ ಕೇಳಿಕೊಳ್ಳಿ. 24 ಬಿಟ್‌ನಲ್ಲಿ ಮುದ್ರಿಸಿ, ಸ್ವಯಂಚಾಲಿತ ಮಟ್ಟವನ್ನು ನಿಲ್ಲಿಸಿಬಿಡಿ, ಅತಿ ಜೋರಾದ ಜಾಗದಲ್ಲೂ ಮುಳ್ಳು ಕೆಂಪಿಗೆ ಹೋಗದಷ್ಟು ತಗ್ಗಿಸಿಟ್ಟುಕೊಳ್ಳಿ. ಗಾಳಿಗೆ ಮೈಕಿನ ಮೇಲೆ ಸ್ಪಂಜಿನ ಟೋಪಿ ಇರಲಿ.

ಯಾವ ರಾಗ, ಎಷ್ಟು ಹೊತ್ತು ಎಂಬುದನ್ನು ಹಿಂದಿನ ವಾರವೇ ಅವರ ಮನೆಗೆ ಹೋಗಿ ಮಾತಾಡಿ; ನೀವೇ ತೋಡಿ ಬೇಕು, ಕಲ್ಯಾಣಿ ಬೇಕು ಎನ್ನಬೇಡಿ, ಅವರ ಮನೆತನದಲ್ಲಿ ಉತ್ಸವದ ಯಾವ ಹಂತಕ್ಕೆ ಏನು ನುಡಿಸುವ ವಾಡಿಕೆ ಎಂದು ಕೇಳಿ ಬರೆದುಕೊಳ್ಳಿ. ವಕೀಲರು ಹೇಳಿದ ಒಪ್ಪಿಗೆಪತ್ರವನ್ನು ಸರಳ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಓದಿ ಹೇಳಿ, ಸಹಿ ಮಾಡಿಸಿ. ಸಂಭಾವನೆಯನ್ನು ನುಡಿಸುವ ಮೊದಲೇ ಕೊಟ್ಟುಬಿಡಿ. ಮುದ್ರಣದ ದಿನ ಅರ್ಚಕರು ಬರುವ ಮುಂಚೆ ತಲುಪಿ, ಜನರೇಟರ್ ಎಲ್ಲಿ ನಿಲ್ಲಿಸುತ್ತಾರೆ, ಮೈಕಿನಲ್ಲಿ ಭಕ್ತಿಗೀತೆ ಹಾಕುವವರು ಯಾರು ಎಂದು ವಿಚಾರಿಸಿ, ಅವರ ಫೋನ್ ನಂಬರ್ ತೆಗೆದಿಟ್ಟುಕೊಳ್ಳಿ.